ಒಂದು ದೊಡ್ಡಪತ್ರೆ ಕಡ್ಡಿಯ ಚರಿತ್ರೆ

ಶಿವನಸಮುದ್ರ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಗಗನಚುಕ್ಕಿ, ಭರಚುಕ್ಕಿ, ಮಳೆಗಾಲದ ಟ್ರಿಪ್ಪು, ಇಲ್ಲದಿದ್ದರೆ ಶಾಲೆಯಲ್ಲಿ ಉರುಹೊಡೆದ ಜಲವಿದ್ಯುತ್ ಕೇಂದ್ರ. ನನಗೆ ಮಾತ್ರ ಮೊದಲು ನೆನಪಾಗೋದು ಬಚ್ಚಲ ಪಕ್ಕದ ದೊಡ್ಡಪತ್ರೆ ಗಿಡ. ನಗಬೇಡಿ, ಕಾರಣ ಇದೆ.

ನಮ್ಮ ತಾತ ಅಲ್ಲಿನ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ಮನೆ ಮೇಲೆ, ಬ್ಲಫ್ ಅನ್ನೋ ಕಾಲೊನಿಯ ಕ್ವಾರ್ಟರ್ಸಿನಲ್ಲಿ. ಕೆಲಸ ಕೆಳಗೆ, ಕಣಿವೆಯಲ್ಲಿ. ಹಳಿ ಮೇಲೆ ಇಳಿಯುವ ಟ್ರಾಲಿಯಲ್ಲಿ ಹೋಗಿ ಬರೋದು. ಆ ಪವರ್ ಹೌಸಿನ ಕತೆ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆ, ಜೋಲಿ ಡಿ ಲಾಟ್ಬಿನಿಯರ್ ಅನ್ನೋ ಎಂಜಿನಿಯರ್ ಮುಂದೆ ನಿಂತು ಮಾಡಿಸಿದ್ದು. ೧೯೦೨ರ ಜೂನ್ ೩೦ರಂದು ಇಲ್ಲಿಂದ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಅದನ್ನು ನೋಡೋಕೆ ಪಾಪ ದಿವಾನರೇ ಇರಲಿಲ್ಲ, ೧೯೦೧ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರ ಆಗಸ್ಟ್ ೫ರಂದು. ಯಾವ ತಂತಿ ಯಾವತ್ತು ಎಲ್ಲಿಗೆ ಹೋಯಿತು ಅನ್ನೋದಕ್ಕೆಲ್ಲ ದಾಖಲೆ ಇದೆ.

ಆದರೆ ಆ ಕ್ವಾರ್ಟರ್ಸುಗಳಲ್ಲಿ ಸಂಸಾರ ಮಾಡಿದ ಹೆಂಗಸರ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮಜ್ಜಿಯ ಹೆಸರು ರೇಷನ್ ಕಾರ್ಡು ಬಿಟ್ಟರೆ ಇನ್ನೆಲ್ಲೂ ಇಲ್ಲ. ಉಳಿದಿರೋದು ಈ ಗಿಡ ಒಂದೇ.

ಅಜ್ಜಿ ಹೇಳುತ್ತಿದ್ದದ್ದು ಹೀಗೆ. ಆಗ ನಮ್ಮಪ್ಪ ಎರಡು ವರ್ಷದ ಮಗು, ಬಿಡದ ಕೆಮ್ಮು. ಹೊಳೆಯಾಚೆ ನಡುಗಡ್ಡೆಯ ಊರಿಂದ ಮೊಸರು ಮಾರೋಕೆ ಬರುತ್ತಿದ್ದ ಹೆಂಗಸೊಬ್ಬಳು ಅದನ್ನು ಕೇಳಿಸಿಕೊಂಡು, ಮಾರನೇ ದಿನ ಸೆರಗಿನ ತುದಿಯಲ್ಲಿ ಗೇಣುದ್ದದ ಕಡ್ಡಿ ಕಟ್ಟಿಕೊಂಡು ಬಂದಳಂತೆ. "ಕರ್ಪೂರವಳ್ಳಿ ಕಣವ್ವ. ಎಲೆ ಬಾಡ್ಸಿ, ರಸ ಹಿಂಡಿ, ಕಲ್ಸಕ್ಕರೆ ಹಾಕಿ ಕುಡ್ಸು. ಕಡ್ಡಿ ಬಿಸಾಕ್ಬ್ಯಾಡ, ನೆಡು" ಅಂದಳಂತೆ. ಕೆಮ್ಮು ರಸದಿಂದ ಹೋಯಿತೋ ತಾನಾಗೇ ಹೋಯಿತೋ ದೇವರೇ ಬಲ್ಲ. ಕಡ್ಡಿಯಂತೂ ಚಿಗುರಿತು.

ಕರ್ಪೂರವಳ್ಳಿ ಅನ್ನೋದು ತಮಿಳರ ಮನೆಯ ಹೆಸರು. ಕನ್ನಡದ ಹೆಂಗಸಿನ ಬಾಯಲ್ಲಿ ಅದು ಯಾಕೆ ಬಂತು ಅಂತ ನನಗೆ ಬಹಳ ದಿನ ಅರ್ಥ ಆಗಿರಲಿಲ್ಲ. ಆಮೇಲೆ ತಿಳಿಯಿತು: ಆಗ ಆ ನಡುಗಡ್ಡೆ ಮೈಸೂರಿನದಲ್ಲ! ಕೊಳ್ಳೇಗಾಲ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಚೆ ದಡ ಮಹಾರಾಜರದು, ಆಚೆಯದು ಬ್ರಿಟಿಷರದು. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಈಗಲೂ ಪವರ್ ಹೌಸು ಮಂಡ್ಯ ಜಿಲ್ಲೆಯಲ್ಲಿ, ನಡುಗಡ್ಡೆ ಚಾಮರಾಜನಗರ ಜಿಲ್ಲೆಯಲ್ಲಿ. ಮೊಸರಿನವಳು ದಿನಾ ಗಡಿ ದಾಟಿ ಬರುತ್ತಿದ್ದಳು. ಅವಳಿಗೆ ಅದು ಬರೀ ಹೊಳೆ.

ಇನ್ನು ಗಿಡದ ಮೂಲ ಹುಡುಕಹೊರಟರೆ ಈ ಹೊಳೆ ಏನೂ ಅಲ್ಲ, ಸಮುದ್ರಗಳನ್ನೇ ದಾಟಬೇಕು. ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟವರು ಲೌರೆಯಿರೋ ಅನ್ನೋ ಪೋರ್ಚುಗೀಸ್ ಪಾದ್ರಿ. ಇಂದಿನ ವಿಯೆಟ್ನಾಮಿನ ಕಡೆ ಬಹುಕಾಲ ಇದ್ದವರು. ೧೭೯೦ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಇದು 'ಕೋಲಿಯಸ್ ಅಂಬೋಯಿನಿಕಸ್'. ಅಂಬೋಯಿನ ಅಂದರೆ ಇಂಡೋನೇಷ್ಯಾದ ಲವಂಗದ ದ್ವೀಪ. ೧೮೨೫ರಲ್ಲಿ ಇನ್ನೊಬ್ಬರು ಇದನ್ನು 'ಪ್ಲೆಕ್ಟ್ರಾಂಥಸ್' ಗುಂಪಿಗೆ ಸೇರಿಸಿದರು. ೨೦೧೯ರಲ್ಲಿ ಮತ್ತೆ ಕೋಲಿಯಸ್ಸಿಗೇ ತಂದರು. ಹೆಸರಲ್ಲಿ ಅಂಬೋಯಿನ ಇದ್ದರೂ ಪೂರ್ವ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಇದು ತಾನಾಗೇ ಬೆಳೆಯುವ ಕಾಡುಗಿಡ. ಫಿಲಿಪೀನ್ಸಿನವರು ಇದನ್ನೇ ಒರೆಗಾನೊ ಅಂತಾರೆ. ಇಂಗ್ಲಿಷಿನಲ್ಲಿ ಕ್ಯೂಬನ್ ಒರೆಗಾನೊ ಅನ್ನೋದೂ ಇದನ್ನೇ. ಒರೆಗಾನೊದಲ್ಲಿರುವ ಕಾರ್ವಕ್ರಾಲ್, ಓಮದಲ್ಲಿರುವ ಥೈಮಾಲ್ ಎರಡೂ ಇದರ ಎಲೆಯಲ್ಲಿವೆ. ಅದಕ್ಕೇ ಆ ವಾಸನೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು: ನಮ್ಮ ಹಿತ್ತಲುಗಳಲ್ಲಿ ದೊಡ್ಡಪತ್ರೆ ಹೂ ಬಿಡೋದೇ ಅಪರೂಪ, ಬೀಜದಿಂದ ಯಾರೂ ಬೆಳೆಸೋದಿಲ್ಲ. ತುಳಸಿ ಹಾಗೆ ತಾನಾಗೇ ಬಿದ್ದು ಹುಟ್ಟೋದಿಲ್ಲ, ಹಕ್ಕಿ ತಂದು ಹಾಕೋದಿಲ್ಲ. ಕಡ್ಡಿಯನ್ನು ಯಾರಾದರೂ ಮುರಿದುಕೊಡಬೇಕು, ಇನ್ನೊಬ್ಬರು ನೆಡಬೇಕು. ಅಂದರೆ ನಿಮ್ಮ ಮನೆಯ ಗಿಡದ ಹಿಂದೆ ಕೊಟ್ಟವರ, ಪಡೆದವರ ಸಾಲು ಎಲ್ಲೂ ಕಡಿಯದೆ ಹಿಂದಕ್ಕೆ ಹೋಗುತ್ತೆ. ನಡುವೆ ಒಬ್ಬರು ಎಸೆದಿದ್ದರೂ ಅದು ನಿಮ್ಮವರೆಗೆ ಬರುತ್ತಿರಲಿಲ್ಲ.

ಈ ಮಾತು ನನಗೆ ಚುಚ್ಚುತ್ತೆ, ಯಾಕೆಂದರೆ ನಮ್ಮ ಮನೆಯ ಸಾಲು ಕಡಿದವನು ನಾನೇ. ತಾತ ರಿಟೈರ್ ಆದಾಗ ಗಿಡ ಮಳವಳ್ಳಿಗೆ ಬಂತು. ಅಲ್ಲಿಂದ ಒಂದು ಕಡ್ಡಿ ಬೆಂಗಳೂರಿನ ನನ್ನ ಬಾಲ್ಕನಿಗೆ. ಅಜ್ಜಿ ಹೋದಮೇಲೆ ಮಳವಳ್ಳಿ ಮನೆ ಮಾರಿದೆವು, ಕೊಂಡವರು ಹಿತ್ತಲಿಗೆ ಸಿಮೆಂಟು ಹಾಕಿಸಿದರು. ನಾನು ಅತಿ ಪ್ರೀತಿಯಿಂದ ದಿನಕ್ಕೆರಡು ಸಲ ನೀರು ಹಾಕಿ ಕುಂಡದ ಗಿಡವನ್ನು ಬುಡದಲ್ಲೇ ಕೊಳೆಸಿದೆ. ಅಜ್ಜಿ ನೆಟ್ಟಿದ್ದು ಬಚ್ಚಲ ನೀರಿನ ಕಾಲುವೆಯಲ್ಲಿ ಅಲ್ಲ, ಅದರ ದಿಬ್ಬದ ಮೇಲೆ ಅನ್ನೋದು ಆಗ ನೆನಪಾಯಿತು. ಈ ಗಿಡಕ್ಕೆ ಪಸೆ ಇದ್ದರೆ ಸಾಕು, ನೀರು ನಿಲ್ಲಬಾರದು.

ಒಂದು ಭಾನುವಾರ ಬ್ಲಫ್ಫಿಗೆ ಹೋದೆ. ಹಳೇ ಸಾಲಿನ ಮನೆಯೊಂದರ ಬಚ್ಚಲ ಹಿಂದೆ ದೊಡ್ಡಪತ್ರೆ ಹರಡಿಕೊಂಡಿತ್ತು. ಕೇಳಿದ್ದಕ್ಕೆ ಆ ಮನೆಯಮ್ಮ "ತಗೊಳಿ ಸಾರ್, ಇದಕ್ಕೇನು ಕೇಳೋದು" ಅಂತ ನಾಲ್ಕು ಕಡ್ಡಿ ಮುರಿದು ಪೇಪರಿನಲ್ಲಿ ಸುತ್ತಿಕೊಟ್ಟರು. ನಾವು ಬರೋಕೂ ಮುಂಚೆಯಿಂದ ಇದೆ ಅಂದರು. ಅದು ಅಜ್ಜಿಯ ಗಿಡದ್ದೇ ಅಂತ ನಾನು ಸಾಧಿಸಲಾರೆ. ಯಾರೋ ಒಬ್ಬರು ನೆಟ್ಟದ್ದು ಅನ್ನೋದಂತೂ ಖಂಡಿತ.

ಈಗ ನನ್ನ ಬಾಲ್ಕನಿಯಲ್ಲಿ ಮೂರು ಕುಂಡ ಇವೆ. ಕೆಳಗಿನ ಎಲೆ ಕಿತ್ತ ಕಡ್ಡಿ, ಮರಳು ಬೆರೆಸಿದ ಮಣ್ಣು, ಬೆಳಗಿನ ಬಿಸಿಲು, ಮಣ್ಣು ಒಣಗಿದ ಮೇಲೆ ನೀರು. ಕುಡಿ ಚಿವುಟುತ್ತಾ ಇದ್ದರೆ ಪೊದೆಯಾಗುತ್ತೆ. ಬುಡ ಬಲಿತು ಮರದ ಹಾಗಾದರೆ ಹೊಸ ಕಡ್ಡಿ ನೆಡಬೇಕು. ಹತ್ತು ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿ ಸಾಸಿವೆ ಒಗ್ಗರಣೆ ಕೊಟ್ಟರೆ ತಂಬುಳಿ. ಕುದಿಸಬೇಡಿ.

ಮೂರರಲ್ಲಿ ಒಂದು ಕುಂಡ ಕೊಡೋದಕ್ಕೇ ಇಟ್ಟಿದ್ದೀನಿ. ಈವರೆಗೆ ಐದು ಮನೆಗೆ ಹೋಗಿದೆ. ಇನ್ನೊಮ್ಮೆ ನನ್ನ ಗಿಡ ಸತ್ತರೆ ಎಲ್ಲಿ ಹೋಗಿ ಕೇಳಬೇಕು ಅಂತ ಗೊತ್ತಿದೆಯಲ್ಲ, ಅಷ್ಟೇ ಧೈರ್ಯ. ನಿಮ್ಮನೆಯಲ್ಲೂ ಇದ್ದರೆ, ಅದನ್ನು ಕೊಟ್ಟವರು ಯಾರು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ಆ ಮೊಸರಿನವಳ ಹೆಸರನ್ನು ನಾನು ಅಜ್ಜಿಯ ಹತ್ತಿರ ಕೇಳಲೇ ಇಲ್ಲ.