ಕಂಟೇನರ್ ಟರ್ಮಿನಲ್: ಹಡಗು ನಿರ್ವಹಣಾ ದಕ್ಷತೆಯ ಇತಿಹಾಸ

ಧಕ್ಕೆಗೆ ಬಂದು ನಿಂತ ಹಡಗಿನ ಕಂಟೇನರುಗಳನ್ನು ಇಳಿಸಿ, ಹೊಸದನ್ನು ಏರಿಸಿ, ಮತ್ತೆ ಕಡಲಿಗೆ ಬಿಡಲು ಬಂದರಿಗೆ ಎಷ್ಟು ಹೊತ್ತು ಬೇಕು ಎಂಬುದೇ ಹಡಗು ನಿರ್ವಹಣಾ ದಕ್ಷತೆಯ ಅಳತೆ. ಇದನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಕ್ರೇನ್ ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತಿತು ಎಂಬುದು ಮೊದಲನೆಯದು. ಎಲ್ಲ ಕ್ರೇನುಗಳೂ ಸೇರಿ ಒಂದು ಹಡಗಿಗೆ ಗಂಟೆಗೆ ಎಷ್ಟು ಕೆಲಸ ಮಾಡಿದವು ಎಂಬುದು ಎರಡನೆಯದು. ನಿಂತ ಹಡಗಿನಿಂದ ಆದಾಯವಿಲ್ಲವಾದ್ದರಿಂದ ಹಡಗಿನ ಮಾಲೀಕರು ನೋಡುವುದು ಎರಡನೆಯ ಲೆಕ್ಕವನ್ನು.

ಕಂಟೇನರ್ ಬರುವ ಮೊದಲಿನ ಸ್ಥಿತಿಗೆ 'ವಾರಿಯರ್' ಹಡಗಿನ ದಾಖಲೆ ಒಳ್ಳೆಯ ಸಾಕ್ಷಿ. 1954ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾಫೆನ್‌ಗೆ ಹೊರಟ ಅದರಲ್ಲಿ ಮೂಟೆ, ಪೀಪಾಯಿ, ಪೆಟ್ಟಿಗೆ, ವಾಹನ ಎಲ್ಲ ಸೇರಿ 1,94,582 ನಗಗಳಿದ್ದವು. ಸಾಗರ ದಾಟಲು ಹಿಡಿದದ್ದು ಹತ್ತೂವರೆ ದಿನ. ತುಂಬಲು ಆರು ದಿನ, ಇಳಿಸಲು ನಾಲ್ಕು ದಿನ ಬೇಕಾಯಿತು. ಪಯಣಕ್ಕೆ ಎಷ್ಟು ಕಾಲವೋ ಧಕ್ಕೆಯಲ್ಲೂ ಹೆಚ್ಚುಕಡಿಮೆ ಅಷ್ಟೇ.

ಅಮೆರಿಕದ ಲಾರಿ ಉದ್ಯಮಿ ಮ್ಯಾಲ್ಕಂ ಮೆಕ್ಲೀನ್ 1956ರ ಏಪ್ರಿಲ್ 26ರಂದು ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ 'ಐಡಿಯಲ್ ಎಕ್ಸ್' ಹಡಗಿನ ಮೇಲೆ 58 ಕಂಟೇನರುಗಳಿದ್ದವು. ಏಳು ನಿಮಿಷಕ್ಕೊಂದರಂತೆ ಅವನ್ನು ಏರಿಸಲಾಯಿತು. ಬಿಡಿ ಸರಕು ತುಂಬಲು ಟನ್ನಿಗೆ 5.83 ಡಾಲರ್ ತಗಲುತ್ತಿದ್ದ ಕಾಲದಲ್ಲಿ ಇಲ್ಲಿ ತಗಲಿದ್ದು 16 ಸೆಂಟಿಗಿಂತ ಕಡಿಮೆ. 1959ರಲ್ಲಿ ಮ್ಯಾಟ್ಸನ್ ಕಂಪನಿ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಕಂಟೇನರಿಗೆಂದೇ ರೂಪಿಸಿದ ಮೊದಲ ದಡದ ಕ್ರೇನನ್ನು ನಿಲ್ಲಿಸಿತು. ಅದು ಮೂರು ನಿಮಿಷಕ್ಕೊಂದು ಪೆಟ್ಟಿಗೆ ಎತ್ತಬಲ್ಲದಾಗಿತ್ತು. ಇಂದು ಒಳ್ಳೆಯ ಟರ್ಮಿನಲ್‌ನ ಕ್ರೇನ್ ಗಂಟೆಗೆ 25ರಿಂದ 35 ಸಲ ಎತ್ತುತ್ತದೆ. ಅಂದರೆ ಸುಮಾರು ಎರಡು ನಿಮಿಷಕ್ಕೊಂದು. ಅರವತ್ತೈದು ವರ್ಷಗಳಲ್ಲಿ ಉಳಿದದ್ದು ಒಂದೇ ನಿಮಿಷ. ಹಾಗಾಗಿ ದಕ್ಷತೆಯ ಮುಂದಿನ ಚರಿತ್ರೆಯನ್ನು ಕ್ರೇನಿನ ಆಚೆಗೆ ಹುಡುಕಬೇಕು.

ಮೊದಲ ತೊಡಕು ದುಡಿಯುವವರ ಬದುಕಿನದಾಗಿತ್ತು. ಯಂತ್ರ ಬಂದರೆ ಕೂಲಿ ಹೋಗುತ್ತದೆಂಬ ಭಯ ನಿಜವೇ ಆಗಿತ್ತು. ಹ್ಯಾರಿ ಬ್ರಿಜಸ್ ನಾಯಕತ್ವದ ಅಮೆರಿಕದ ಪಶ್ಚಿಮ ಕರಾವಳಿಯ ಕಾರ್ಮಿಕ ಸಂಘ 1960ರಲ್ಲಿ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು, ಯಂತ್ರಗಳಿಗೆ ಸಮ್ಮತಿಸಿ, ಬದಲಿಗೆ ನಿವೃತ್ತಿ ಹಣ ಮತ್ತು ವೇತನದ ಭರವಸೆ ಪಡೆಯಿತು. ಯಂತ್ರದಿಂದ ಬಂದ ಲಾಭದಲ್ಲಿ ದುಡಿಯುವವರಿಗೂ ಪಾಲಿದೆ ಎಂದು ಒಪ್ಪಿಕೊಂಡ ಈ ಒಪ್ಪಂದ ಯಾವುದೇ ಕ್ರೇನಿನಷ್ಟೇ ಮಹತ್ವದ್ದು. ಲಂಡನ್ನಿನ ಹಳೆಯ ಧಕ್ಕೆಗಳು 1967ರಿಂದ 1981ರೊಳಗೆ ಒಂದೊಂದಾಗಿ ಮುಚ್ಚಿದವು. ಅಲ್ಲಿ ಸಾವಿರಾರು ಕುಟುಂಬಗಳು ಕೆಲಸ ಕಳೆದುಕೊಂಡವು.

ಎರಡನೆಯ ತೊಡಕು ಪೆಟ್ಟಿಗೆಗಳನ್ನು ಪೇರಿಸಿಡುವ ಅಂಗಳದ್ದು, ಅಂದರೆ ಯಾರ್ಡಿನದು. ಟ್ರೇಲರ್ ಬಾರದಿದ್ದರೆ ಕ್ರೇನ್ ಪೆಟ್ಟಿಗೆ ಹಿಡಿದು ನಿಲ್ಲಬೇಕು. ಯಾರ್ಡಿನಲ್ಲಿ ಅಡಿಯಲ್ಲಿರುವ ಪೆಟ್ಟಿಗೆ ಬೇಕಾದರೆ ಮೇಲಿನವನ್ನೆಲ್ಲ ಬದಿಗೆ ಸರಿಸಬೇಕು. ಯಾವ ಪೆಟ್ಟಿಗೆ ಎಲ್ಲಿ ಕೂರಬೇಕೆಂದು ಹಡಗು ಬರುವ ಮೊದಲೇ ನಿರ್ಧರಿಸುವ ತಂತ್ರಾಂಶ, ಒಂದೇ ಎತ್ತಿಗೆ ಎರಡು 20 ಅಡಿಯ ಪೆಟ್ಟಿಗೆ ಹಿಡಿಯುವ ಸಲಕರಣೆ, ಒಂದನ್ನು ಇಳಿಸಿ ಬರಿಗೈಯಲ್ಲಿ ಮರಳದೆ ಇನ್ನೊಂದನ್ನು ಏರಿಸಿಕೊಂಡೇ ಹೋಗುವ ಕ್ರಮ, ಇವೆಲ್ಲ ಈ ಕೊರತೆಗೆ ಹುಡುಕಿದ ಮದ್ದು. ರಾಟರ್‌ಡ್ಯಾಮಿನ ಡೆಲ್ಟಾ ಟರ್ಮಿನಲ್ 1993ರಲ್ಲಿ ಚಾಲಕರಿಲ್ಲದ ವಾಹನಗಳನ್ನು ಧಕ್ಕೆಗೆ ತಂದಿತು. ಸ್ವಯಂಚಾಲನೆಯಿಂದ ಕೂಲಿ ವೆಚ್ಚ ಇಳಿದು ಸುರಕ್ಷತೆ ಹೆಚ್ಚಿತು ನಿಜ. ಆದರೆ ನುರಿತ ಚಾಲಕರಿರುವ ಟರ್ಮಿನಲ್‌ಗಳನ್ನು ವೇಗದಲ್ಲಿ ಹಿಂದಿಕ್ಕಲು ಹಲವೆಡೆ ಅದಕ್ಕೆ ಆಗಿಲ್ಲ.

ಇಷ್ಟರಲ್ಲಿ ಹಡಗುಗಳೇ ಬೆಳೆದುಬಿಟ್ಟವು. 1970ರ ದಶಕದ ಆರಂಭದಲ್ಲಿ ಸುಮಾರು 290 ಮೀಟರ್ ಉದ್ದದ ದೊಡ್ಡ ಹಡಗು 20 ಅಡಿ ಲೆಕ್ಕದಲ್ಲಿ 3,000 ಪೆಟ್ಟಿಗೆ ಹೊರುತ್ತಿತ್ತು. ಇಂದಿನ 400 ಮೀಟರಿನದು 24,000 ಹೊರುತ್ತದೆ. ಹೊರೆ ಎಂಟು ಪಟ್ಟಾದರೂ ಉದ್ದ ಒಂದೂವರೆ ಪಟ್ಟೂ ಆಗಿಲ್ಲ. ಕ್ರೇನುಗಳನ್ನು ಸಾಲಾಗಿ ನಿಲ್ಲಿಸಲು ಇರುವುದು ಆ ಉದ್ದವೇ. ಆಮ್‌ಸ್ಟರ್‌ಡ್ಯಾಮಿನ ಸೆರೆಸ್ ಪ್ಯಾರಗಾನ್ ಟರ್ಮಿನಲ್ ದಡವನ್ನೇ ಒಳಕ್ಕೆ ಕೊರೆದು, ಹಡಗಿನ ಎರಡೂ ಬದಿಯಿಂದ ಕ್ರೇನ್ ಹಚ್ಚುವ ಬರ್ತ್ ಕಟ್ಟಿತ್ತು. ಜಾಣ ಕಲ್ಪನೆಯೇ ಆದರೂ ಸಾಕಷ್ಟು ಹಡಗುಗಳು ಅತ್ತ ಸುಳಿಯಲಿಲ್ಲ.

ಕೋವಿಡ್ ಕಾಲದಲ್ಲಿ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಿಗಾಗಿ ನೂರಕ್ಕೂ ಹೆಚ್ಚು ಹಡಗುಗಳು ಒಮ್ಮೆಲೇ ಕಾದಿದ್ದವು. ಕ್ರೇನುಗಳೇನೋ ಇದ್ದವು, ಯಾರ್ಡಿನಿಂದ ಪೆಟ್ಟಿಗೆಗಳು ಕದಲುತ್ತಿರಲಿಲ್ಲ.

ಭಾರತಕ್ಕೆ ಮೊದಲ ಕಂಟೇನರ್ ಹಡಗು ಬಂದದ್ದು 1973ರಲ್ಲಿ, ಕೊಚ್ಚಿಗೆ. 1981ರಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಬೆಂಗಳೂರಿನಲ್ಲಿ ಆರಂಭವಾಯಿತು. 1989ರಲ್ಲಿ ನವಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರು ತೆರೆಯಿತು. ಖಾಸಗಿ ಟರ್ಮಿನಲ್‌ಗಳ ಯುಗವೂ ಮುಂದೆ ಅದೇ ಬಂದರಿನಲ್ಲಿ ಮೊದಲಾಯಿತು. ವಿಶ್ವಬ್ಯಾಂಕಿನ 2023ರ ಕಂಟೇನರ್ ಬಂದರು ಸೂಚ್ಯಂಕದಲ್ಲಿ ವಿಶಾಖಪಟ್ಟಣ ಮೊದಲ ಇಪ್ಪತ್ತರೊಳಗೆ ಬಂದಿತು. 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಕೇರಳದ ವಿಳಿಂಜಂ ಬಂದರಿನಲ್ಲಿ ಯಾರ್ಡಿನ ಕ್ರೇನುಗಳು ಸ್ವಯಂಚಾಲಿತ.

ಹೊಸ ಮಂಗಳೂರು ಬಂದರಿನಿಂದ ಕಾಫಿ, ಗೋಡಂಬಿ ಕಂಟೇನರಿನಲ್ಲೇ ಹೊರದೇಶಕ್ಕೆ ಹೋಗುತ್ತವೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಹಾಸನದ ಕಡೆಯ ಸರಕು ಧಕ್ಕೆಗೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಧಕ್ಕೆಯಲ್ಲಿ ಎಂಥ ಕ್ರೇನಿದ್ದರೂ ಆ ವಿಳಂಬವನ್ನು ಅದು ತುಂಬಿಕೊಡಲಾರದು. ಘಾಟಿಯ ರಸ್ತೆ ಮತ್ತು ರೈಲು ಹಳಿಯ ಸುಧಾರಣೆಯನ್ನು ಸರ್ಕಾರಗಳು ಬಂದರಿನ ಕೆಲಸವೆಂದೇ ಎಣಿಸಿ ಹಣ ಒದಗಿಸಬೇಕು.