ಹದಿನೈದು ಶಿಲಿಂಗಿನ ಗುಮಾಸ್ತ, ಐದು ಶಿಲಿಂಗಿನ ಪುಸ್ತಕ

ಕ್ರಿಸ್‌ಮಸ್ ರಜೆ ಬಂತೆಂದರೆ ಇಂಗ್ಲೆಂಡಿನ ಮನೆಗಳಲ್ಲಿ ಕಪಾಟಿನಿಂದ ಕೆಳಗಿಳಿಯುವ ಪುಸ್ತಕವೊಂದಿದೆ: ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’. ಜಿಪುಣ ಸ್ಕ್ರೂಜ್‌ನ ಕಲ್ಲು ಮನಸ್ಸು ಒಂದೇ ರಾತ್ರಿಯಲ್ಲಿ ಕರಗುವ ಕಥೆ ಇದು. ಆದರೆ ಓದುಗರ ನೆನಪಿನಲ್ಲಿ ಹೆಚ್ಚು ಉಳಿಯುವುದು ಸ್ಕ್ರೂಜ್‌ನ ಬಡ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಮನೆಯ ಹಬ್ಬದೂಟ. ಇದ್ದುದರಲ್ಲೇ ತೃಪ್ತಿಪಡುವುದಕ್ಕೆ ಆ ಊಟವನ್ನು ಉದಾಹರಿಸುವುದು ವಾಡಿಕೆಯೇ ಆಗಿಬಿಟ್ಟಿದೆ.

ಒಂದು ಸಣ್ಣ ಲೆಕ್ಕ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಕಥೆಯಲ್ಲಿ ಬಾಬ್‌ನ ಸಂಬಳ ವಾರಕ್ಕೆ 15 ಶಿಲಿಂಗ್. 1843ರ ಡಿಸೆಂಬರ್ 19ರಂದು ಮಾರುಕಟ್ಟೆಗೆ ಬಂದ ಪುಸ್ತಕದ ಬೆಲೆ 5 ಶಿಲಿಂಗ್. ತನ್ನ ಮನೆಯ ಕಥೆಯನ್ನು ತಾನೇ ಓದಬೇಕೆಂದಿದ್ದರೆ ಬಾಬ್ ವಾರದ ದುಡಿಮೆಯ ಮೂರನೇ ಒಂದು ಪಾಲನ್ನು ತೆರಬೇಕಿತ್ತು. ಎಂಟು ಹೊಟ್ಟೆ ಹೊರೆಯಬೇಕಾದವನಿಗೆ ಅದು ಸಾಧ್ಯವಿತ್ತೇ?

ಹಾಗಾದರೆ ಡಿಕನ್ಸ್ ಬರೆದದ್ದು ಯಾರಿಗಾಗಿ? ಇದಕ್ಕೆ ಉತ್ತರ ಬೇಕೆಂದರೆ ಪುಸ್ತಕದ ಮೂಲಕ್ಕೆ ಹೋಗಬೇಕು. 1843ರ ಆರಂಭದಲ್ಲಿ ಬ್ರಿಟನ್ನಿನ ಬಾಲ ಕಾರ್ಮಿಕರ ಸ್ಥಿತಿಗತಿ ಕುರಿತ ಆಯೋಗದ ಎರಡನೆಯ ವರದಿ ಹೊರಬಿದ್ದಿತು. ಅದನ್ನು ಓದಿ ಡಿಕನ್ಸ್ ತಳಮಳಗೊಂಡ. ಆತನಿಗೆ ಇದು ಪರರ ಕಷ್ಟವೇನೂ ಅಲ್ಲ. 1824ರಲ್ಲಿ ತಂದೆ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್‌ಸೀ ಜೈಲು ಸೇರಿದಾಗ, 12 ವರ್ಷದ ಹುಡುಗ ಚಾರ್ಲ್ಸ್ ಬೂಟ್ ಪಾಲಿಶ್ ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ವರದಿ ಓದಿದವನೇ ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಲು ಹೊರಟ. ಕೆಲವೇ ದಿನಗಳಲ್ಲಿ ಮನಸ್ಸು ಬದಲಾಯಿಸಿದ. ಕರಪತ್ರಕ್ಕಿಂತ ಎಷ್ಟೋ ಪಾಲು ಬಲವಾದ ಪೆಟ್ಟು ವರ್ಷದ ಕೊನೆಗೆ ಕೊಡುವೆನೆಂದು ಗೆಳೆಯನಿಗೆ ತಿಳಿಸಿದ. ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಭಾಷಣ ಮಾಡಿ ಬಂದ ಮೇಲೆ ಲೇಖನಿ ಹಿಡಿದು ಸುಮಾರು ಆರು ವಾರಗಳಲ್ಲಿ ಕಥೆ ಮುಗಿಸಿದ.

ಪೆಟ್ಟು ಬೀಳಬೇಕಾಗಿದ್ದುದು ಹೊಟ್ಟೆ ತುಂಬಿದವರಿಗೆ. 1834ರ ಬಡವರ ಕಾನೂನಿನ ಪ್ರಕಾರ ಸರ್ಕಾರದ ನೆರವು ಬೇಡುವ ಶಕ್ತರಾದವರು ‘ವರ್ಕ್‌ಹೌಸ್’ ಸೇರಬೇಕಿತ್ತು. ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಬಡವರಿಗಾಗಿ ಚಂದಾ ಕೇಳಲು ಬಂದವರನ್ನು ಸ್ಕ್ರೂಜ್, ಜೈಲುಗಳೂ ವರ್ಕ್‌ಹೌಸ್‌ಗಳೂ ಇಲ್ಲವೇ ಎಂದು ಕೇಳಿ ಹೊರಗಟ್ಟುತ್ತಾನೆ. ಅಂದಿನ ಅನೇಕ ಸದ್ಗೃಹಸ್ಥರ ಮನಸ್ಸಿನ ಮಾತೂ ಅದೇ ಆಗಿತ್ತು.

ಇನ್ನು ಆ ಪ್ರಸಿದ್ಧ ಊಟ. ಅದು ಭಾರಿ ಭೋಜನವೆಂದು ತಿಳಿದವರು ಮತ್ತೊಮ್ಮೆ ಓದಿ ನೋಡಬೇಕು. ಎಂಟು ಮಂದಿಗೆ ಒಂದು ಬಾತುಕೋಳಿ. ಅದು ಸಾಲುವಂತೆ ಮಾಡಲು ಸೇಬಿನ ಗೊಜ್ಜು, ಹಿಸುಕಿದ ಆಲೂಗಡ್ಡೆ. ಬೇಯಿಸಲು ಮನೆಯಲ್ಲಿ ಒಲೆಗೂಡಿಲ್ಲ. ಆ ಕಾಲದ ಲಂಡನ್ನಿನಲ್ಲಿ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಬೇಕರಿಯವರು ಬ್ರೆಡ್ ಸುಡುವಂತಿರಲಿಲ್ಲ. ಆದ್ದರಿಂದ ಸುತ್ತಮುತ್ತಲಿನ ಬಡವರು ತಮ್ಮ ಮಾಂಸವನ್ನು ಅವರ ಗೂಡಿಗೆ ಹೊತ್ತೊಯ್ದು, ಒಂದಿಷ್ಟು ಕಾಸು ಕೊಟ್ಟು ಬೇಯಿಸಿಕೊಂಡು ಬರುತ್ತಿದ್ದರು. ಬಾಬ್‌ನ ಮಕ್ಕಳು ಮಾಡಿದ್ದೂ ಇದನ್ನೇ. ಪುಡ್ಡಿಂಗ್ ಬೆಂದದ್ದು ಬಟ್ಟೆ ಕುದಿಸುವ ಹಂಡೆಯಲ್ಲಿ. ಮುಚ್ಚಳ ತೆಗೆದಾಗ ಒಗೆಯುವ ದಿನದ ವಾಸನೆ! ಕುಡಿಯಲು ಇದ್ದುದು ಎರಡು ಲೋಟ ಮತ್ತು ಹಿಡಿ ಮುರಿದ ಒಂದು ಬಟ್ಟಲು. ಅಷ್ಟು ದೊಡ್ಡ ಕುಟುಂಬಕ್ಕೆ ಪುಡ್ಡಿಂಗ್ ಚಿಕ್ಕದಾಯಿತೆಂದು ಯಾರೊಬ್ಬರೂ ಬಾಯಿಬಿಡುವುದಿಲ್ಲ. ಹಾಗೆ ಹೇಳಲು ಆ ಮನೆಯವರಿಗೆ ನಾಚಿಕೆ.

ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಡಿಕನ್ಸ್ ನಿಲ್ಲುವುದಿಲ್ಲ. ಊಟವಾದ ಮೇಲೆ ಬಾಬ್ ಧಣಿಯ ಹೆಸರೆತ್ತಿ, ಈ ಔತಣಕ್ಕೆ ಕಾರಣನಾದವನೆಂದು ಸ್ಕ್ರೂಜ್‌ಗೆ ಶುಭ ಕೋರುತ್ತಾನೆ. ಹೆಂಡತಿಯ ಮುಖ ಕೆಂಪೇರುತ್ತದೆ. ಆ ಮನುಷ್ಯ ಎದುರಿಗಿದ್ದಿದ್ದರೆ ನಾಲ್ಕು ಮಾತನ್ನೇ ಬಡಿಸುತ್ತಿದ್ದೆ ಎಂಬಂತೆ ಆಕೆ ಸಿಡಿಯುತ್ತಾಳೆ. ಕೊನೆಗೆ ಗಂಡನಿಗಾಗಿ, ಹಬ್ಬದ ದಿನಕ್ಕಾಗಿ ಲೋಟ ಎತ್ತುತ್ತಾಳೆಯೇ ಹೊರತು ಸ್ಕ್ರೂಜ್‌ಗಾಗಿ ಅಲ್ಲ. ಗಂಡನದು ಕೃತಜ್ಞತೆ, ಹೆಂಡತಿಯದು ಲೆಕ್ಕ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಅದೃಶ್ಯನಾಗಿ ನಿಂತ ಸ್ಕ್ರೂಜ್‌ನಿಂದ ಅದನ್ನೆಲ್ಲ ಕೇಳಿಸುವುದೇ ಲೇಖಕನ ಜಾಣ್ಮೆ. ಸಂಬಳ ಕೊಟ್ಟವನಿಗೆ ದುಡಿದವನು ಋಣಿಯೋ, ದುಡಿದವನಿಗೆ ಕೊಟ್ಟವನು ಋಣಿಯೋ? ಕಥೆಯ ಕೊನೆಯಲ್ಲಿ ಸ್ಕ್ರೂಜ್ ದೊಡ್ಡ ಟರ್ಕಿ ಕೋಳಿ ಕಳಿಸಿ ಸುಮ್ಮನಾಗುವುದಿಲ್ಲ, ಸಂಬಳವನ್ನೂ ಏರಿಸುತ್ತಾನೆ.

ಇದು ಎಲ್ಲರಿಗೂ ರುಚಿಸಲಿಲ್ಲ. ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆಯ ವಿಮರ್ಶಕನೊಬ್ಬ, ಬಾಬ್‌ಗೆ ಟರ್ಕಿ ಸಿಗಬೇಕಾದರೆ ಮತ್ತಾರೋ ಟರ್ಕಿ ಇಲ್ಲದೆ ಉಳಿಯಬೇಕಷ್ಟೆ ಎಂದು ಅರ್ಥಶಾಸ್ತ್ರದ ಪಾಠ ಹೇಳಿದ. ಹಬ್ಬದ ದಿನವೂ ತಕ್ಕಡಿ ಕೆಳಗಿಡದ ಜನ ಎಲ್ಲ ಕಾಲದಲ್ಲೂ ಇರುತ್ತಾರೆ.

ಪುಸ್ತಕವೇನೋ ಗೆದ್ದಿತು. ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್‌ಮಸ್ ಮುನ್ನಾದಿನದ ವೇಳೆಗೆ ಖರ್ಚಾದವು. ಆದರೆ ಚಿನ್ನದ ಅಂಚು, ಜಾನ್ ಲೀಚ್‌ನ ಚಿತ್ರಗಳಿಗೆ ಕೈಯಿಂದಲೇ ಬಣ್ಣ ಎಂದೆಲ್ಲ ಡಿಕನ್ಸ್ ಹಟ ಹಿಡಿದಿದ್ದರಿಂದ, 1,000 ಪೌಂಡ್ ನಿರೀಕ್ಷಿಸಿದ್ದವನ ಕೈಗೆ ಮೊದಲು ಬಂದದ್ದು 230 ಪೌಂಡ್. ಎರಡು ಪೆನ್ನಿಗೆ ಕಥೆ ಕದ್ದು ಮಾರಿದವರ ಮೇಲೆ 1844ರಲ್ಲಿ ದಾವೆ ಹೂಡಿ ಗೆದ್ದರೂ, ಅವರು ದಿವಾಳಿ ಎಂದು ಕೈ ಎತ್ತಿದರು. ಸುಮಾರು 700 ಪೌಂಡ್ ಖರ್ಚು ಡಿಕನ್ಸ್‌ನ ತಲೆಗೇ ಬಂತು. ಕದ್ದ ಕಥೆಯೇ ಬಡವನ ಜೇಬಿಗೆ ಹೊಂದುತ್ತಿತ್ತೆಂಬುದು ಬೇರೆ ಮಾತು.

ಹತ್ತು ವರ್ಷಗಳ ನಂತರ ಡಿಕನ್ಸ್ ಬೇರೊಂದು ದಾರಿ ಹಿಡಿದ. 1853ರ ಡಿಸೆಂಬರ್ 27ರಂದು ಬರ್ಮಿಂಗ್‌ಹ್ಯಾಮ್ ಟೌನ್‌ಹಾಲ್‌ನಲ್ಲಿ, ಅಲ್ಲಿ ತಲೆಯೆತ್ತುತ್ತಿದ್ದ ಶಿಕ್ಷಣ ಸಂಸ್ಥೆಯೊಂದರ ಸಹಾಯಾರ್ಥ ‘ಕ್ಯಾರಲ್’ ಅನ್ನು ಗಟ್ಟಿಯಾಗಿ ಓದಿದ. ಸಾರ್ವಜನಿಕರ ಮುಂದೆ ಆತನ ಮೊದಲ ವಾಚನ ಅದು. ಆದರೆ ಒಂದು ಷರತ್ತು ಹಾಕಿದ್ದ: ದುಡಿಯುವ ಜನರಿಗೆಂದೇ ಇನ್ನೊಂದು ದಿನ ಓದಬೇಕು, ಟಿಕೆಟ್ ಅವರ ಕೈಗೆಟುಕಬೇಕು. ಹಾಗಾಗಿ 30ರಂದು ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದರು. ನಗುವಲ್ಲಿ ನಕ್ಕರು, ಅಳುವಲ್ಲಿ ಅತ್ತರು. ಒಂದು ಮಾತನ್ನೂ ಈ ಶ್ರೋತೃಗಳು ಕೈಬಿಡಲಿಲ್ಲವೆಂದು ಡಿಕನ್ಸ್ ಹಿಗ್ಗಿದ.

1858ರಿಂದ ಹಣಕ್ಕಾಗಿಯೂ ಓದತೊಡಗಿ, ಇಂಗ್ಲೆಂಡ್, ಅಮೆರಿಕಗಳನ್ನು ಸುತ್ತಿದ. 1870ರ ಮಾರ್ಚ್ 15ರಂದು ಲಂಡನ್ನಿನಲ್ಲಿ ನಡೆದ ಕೊನೆಯ ವಾಚನಕ್ಕೂ ಈ ಕಥೆಯನ್ನೇ ಆರಿಸಿಕೊಂಡಿದ್ದ. ಅದೇ ಜೂನ್ 9ರಂದು ತೀರಿಕೊಂಡ. ಬರ್ಮಿಂಗ್‌ಹ್ಯಾಮ್‌ನ ಕಾರ್ಮಿಕರಿಗೆ ಆ ಸಂಜೆಯ ಟಿಕೆಟ್ ಆರು ಪೆನ್ನಿ. ಅಂದರೆ ಅರ್ಧ ಶಿಲಿಂಗ್; ಪುಸ್ತಕದ ಬೆಲೆಯ ಹತ್ತನೇ ಒಂದು ಪಾಲು.