ಅಕ್ಕನ ಅರ್ಕಾವತ್ತು

ಅಕ್ಕನ ಉತ್ತರಕ್ರಿಯೆಯ ಕಾಗದವನ್ನು ನಾನೇ ಕಂಪೋಸ್ ಮಾಡಿದೆ. ಅವರ ತಮ್ಮನ ಮಗ ತಂದುಕೊಟ್ಟ ಚೀಟಿಯಲ್ಲಿ ಇದ್ದದ್ದು ಹತ್ತೇ ಸಾಲು. ‘ಸ್ವರ್ಗಸ್ಥರಾದ’ ಎಂಬಲ್ಲಿ ಕೈ ತಪ್ಪಿತು. ಕಂಪ್ಯೂಟರಿನಲ್ಲಿ ಉಚ್ಚರಿಸಿದಂತೆಯೇ ಒತ್ತಬೇಕು, ಮೊದಲು ‘ರ್’, ಆಮೇಲೆ ‘ಗ’. ನನ್ನ ಬೆರಳು ‘ಗ’ಕ್ಕೆ ಹೋಗಿ ಕೂತಿತ್ತು. ಇಷ್ಟು ವರ್ಷ ಕೀಲಿಮಣೆ ಕುಟ್ಟಿದ ಮೇಲೂ!

1984ರಲ್ಲಿ ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿಗೆ ಸೇರಿದಾಗ, ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಕ್ಕ ಕಲಿಸಿದ ಮೊದಲ ಪಾಠವೇ ಅದು. “ಬಾಯಿಗೆ ಮೊದಲು ಬರುವುದು ಕೈಗೆ ಆಮೇಲೆ ಬರುವುದು. ಮೊದಲು ‘ಗ’ ಇಡು, ಮತ್ತೆ ಅರ್ಕಾವತ್ತು. ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ಓದು ಮಾರಾಯ್ತಿ.” ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಎದುರಿಗೆ ಇಳಿಜಾರಾಗಿ ನಿಲ್ಲಿಸಿದ ಮೊಳೆಯ ಕೇಸುಗಳು. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ, ಅದರದ್ದೇ ದೊಡ್ಡದು ಚಿಕ್ಕದು. ನಮಗೆ ಕಾಗುಣಿತ, ಒತ್ತು, ದೀರ್ಘ ಎಂದು ನೂರಾರು ಮನೆ. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ನಮ್ಮ ಕೇಸಿನಲ್ಲಿ ನಾಲ್ಕು ಮೊಳೆ ಬೇಕು. “ನೋಡು, ನಮ್ಮನ್ನು ಜೋಡಿಸುವುದು ಎಷ್ಟು ಕಷ್ಟ” ಎಂದು ಅಕ್ಕ ನಗುತ್ತಿದ್ದರು.

ಮೊಳೆಯ ಮೈಯಲ್ಲಿ ಒಂದು ಗೀರು ಇರುತ್ತದೆ. ಹೆಬ್ಬೆರಳಿಗೆ ಅದು ತಾಗಿದರೆ ಅಕ್ಷರ ಸರಿಯಾಗಿ ಕೂತಿದೆ ಎಂದರ್ಥ, ನೋಡಬೇಕಾಗಿಯೇ ಇಲ್ಲ. ಸಾಲು ಓದುವುದು ಎಡದಿಂದ ಬಲಕ್ಕೇ, ಆದರೆ ಅಕ್ಷರವೆಲ್ಲ ತಲೆಕೆಳಗು. ಆ ಅಭ್ಯಾಸ ಹೋಗಲೇ ಇಲ್ಲ. ಬಸ್ಸಿನಲ್ಲಿ ಎದುರು ಕೂತವರ ಪೇಪರನ್ನು ಈಗಲೂ ಸಲೀಸಾಗಿ ಓದುತ್ತೇನೆ.

ಮದುವೆಯ ಸೀಸನ್ನಿನಲ್ಲಿ ‘ಚಿ’ ಮತ್ತು ‘ಸೌ’ ಮುಗಿದೇ ಹೋಗುತ್ತಿದ್ದವು. ಆಗ ಬೇರೊಂದು ಮೊಳೆಯನ್ನು ಬುಡ ಮೇಲೆ ಮಾಡಿ ಇಟ್ಟು ಮುಂದೆ ಹೋಗುವುದು. ಪ್ರೂಫಿನಲ್ಲಿ ಅಲ್ಲೊಂದು ಕಪ್ಪು ಕಲೆ ಬೀಳುತ್ತದೆ. ಅಚ್ಚಾದ ಫಾರಂ ಬಿಚ್ಚಿ, ಮೊಳೆ ತೊಳೆದು, ಮತ್ತೆ ಆಯಾ ಮನೆಗೆ ಹಾಕಿದ ಮೇಲೆ ಆ ಕಲೆಯ ಜಾಗಕ್ಕೆ ಅಕ್ಷರ ಬರುತ್ತಿತ್ತು. ಊಟಕ್ಕೆ ಮುಂಚೆ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆಯದಿದ್ದರೆ ಅಕ್ಕ ನನ್ನ ಬುತ್ತಿಯನ್ನೇ ಎತ್ತಿಟ್ಟುಬಿಡುತ್ತಿದ್ದರು. ಮೊಳೆ ಎಂದರೆ ಸೀಸ, ಅದರ ಜೊತೆ ಆಂಟಿಮನಿ, ತವರ.

ಒಮ್ಮೆ ಜೋಡಿಸಿಟ್ಟ ಮೊಳೆಗಳ ಇಡೀ ಒಂದು ಗ್ಯಾಲಿ ನನ್ನ ಕೈಯಿಂದ ಜಾರಿ ನೆಲಕ್ಕೆ ಚೆಲ್ಲಿತು. ಮಾಲೀಕರು ಸಂಬಳದಲ್ಲಿ ಹಿಡಿಯುತ್ತೇನೆ ಎಂದರು. ಅಕ್ಕ ಏನೂ ಹೇಳದೆ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತು ಹೆಕ್ಕತೊಡಗಿದರು. ರಾತ್ರಿ ಎಂಟಾಯಿತು. ಸಂಬಳ ಹಿಡಿಯಲಿಲ್ಲ. ಮಾಲೀಕರಿಗೆ ಅಕ್ಕ ಏನು ಹೇಳಿದರೋ, ನಾನು ಕೇಳಲಿಲ್ಲ.

ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. 1843ರ ಆ ದಿನ ಕನ್ನಡದ ಮೊದಲ ಪತ್ರಿಕೆ, ಹೆರ್ಮನ್ ಮ್ಯೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’, ನಮ್ಮ ಊರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಿತ್ತು. ಅದು ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ, ಮೊಳೆ ಜೋಡಿಸಿದ್ದಲ್ಲ. ನಾನಿದನ್ನು ಎಲ್ಲೋ ಓದಿ ಹೇಳಿದಾಗ ಅಕ್ಕನಿಗೆ ಸಿಟ್ಟೇ ಬಂತು. “ಹಾಗಾದರೆ ಅದರಲ್ಲಿ ನಮ್ಮ ಕೆಲಸ ಎಂತ ಉಂಟು?” ಅವರಿಗೆ ಪ್ರಿಯವಾದದ್ದು ಅದೇ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು. 1,700ಕ್ಕೂ ಹೆಚ್ಚು ಪುಟ, ಕನ್ನಡ ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿ. ಅದರ ಒಂದು ಪುಟವನ್ನೂ ಅಕ್ಕ ಅರ್ಥಕ್ಕಾಗಿ ನೋಡಿದವರಲ್ಲ. ಒತ್ತುಗಳು ಎಲ್ಲಿ ಕೂತಿವೆ, ಸಾಲಿನ ನಡುವಿನ ಜಾಗ ಹೇಗೆ ಹಂಚಿದ್ದಾರೆ ಎಂದು ಬೆರಳಿಟ್ಟು ನೋಡುತ್ತಿದ್ದರು. ಕಿಟೆಲರಿಗೆ ಬೆಂಗಳೂರಿನಲ್ಲಿ ಪ್ರತಿಮೆ ಉಂಟು, ಇರಲಿ, ಇರಬೇಕಾದ್ದೇ. ಆ ಪುಟಗಳನ್ನು ಜೋಡಿಸುತ್ತಾ ನಿಂತು ಕಾಲು ಬಾತವರ ಹೆಸರು ಮುಖಪುಟದಲ್ಲಿಲ್ಲ. ಅಕ್ಕ ಜೋಡಿಸಿದ ಪುಸ್ತಕಗಳಲ್ಲೂ ಹಾಗೆಯೇ, ಪ್ರೆಸ್ಸಿನ ಹೆಸರು ಮಾತ್ರ.

ಆಮೇಲೆ ಆಫ್‌ಸೆಟ್ ಬಂತು, ಡಿಟಿಪಿ ಬಂತು. ನಮ್ಮ ಮೊಳೆಗಳನ್ನು ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಕೊಟ್ಟರು. ಅಕ್ಕ ಅವತ್ತು ರಜೆ ಹಾಕಿದರು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ನಾನು ಕಲಿಯುವಾಗ ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದರು. ‘ರ್’ ಮೊದಲು ಒತ್ತಿದರೂ ಅರ್ಕಾವತ್ತು ತಾನಾಗಿ ಹಿಂದೆ ಹೋಗಿ ನಿಂತಿತು. “ಅದಕ್ಕೆ ಗೊತ್ತುಂಟಲ್ಲ!” ಎಂದರು. ಮೆಚ್ಚಿ ಹೇಳಿದ್ದೋ, ಬೇಸರದಲ್ಲೋ. ಆಮೇಲೆ ಪ್ರೂಫ್ ನೋಡುವ ಕೆಲಸಕ್ಕೆ ಕೂತವರು ಕಣ್ಣು ಮಂಜಾಗುವವರೆಗೂ ಏಳಲಿಲ್ಲ.

ಉತ್ತರಕ್ರಿಯೆಯ ಕಾಗದದ ಸುತ್ತ ಕಪ್ಪು ಅಂಚು ಹಾಕಿ ಪ್ರಿಂಟ್ ತೆಗೆದೆ. ಅಕ್ಕ ಮಾಡುತ್ತಿದ್ದ ಹಾಗೆ ಹಾಳೆಯನ್ನು ತಿರುಗಿಸಿ, ತಲೆಕೆಳಗಾಗಿಟ್ಟು ಓದಿದೆ. ಹುಡುಗ ವಿಚಿತ್ರವಾಗಿ ನೋಡಿದ. ಅವರ ಹೆಸರಿನ ಮುಂದೆ ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ತೆಗೆದೆ.